ಪದ ಪರಿಚಯ: ಸ್ಥಗಿತ ವೇತನ ಬಡ್ತಿ

ರಾಜ್ಯ ಸರ್ಕಾರಿ ನೌಕರರ ಸೇವಾ ಪುಸ್ತಕದಲ್ಲಿ ಬರುವ ಈ ಮಾತು ಮೊದಲ ಓದಿಗೆ ಗೊಂದಲ ಹುಟ್ಟಿಸುತ್ತದೆ. ಸ್ಥಗಿತವಾದ ಮೇಲೆ ಬಡ್ತಿ ಎಲ್ಲಿಂದ ಬಂತು? ಪ್ರತಿ ಹುದ್ದೆಗೂ ಒಂದು ವೇತನ ಶ್ರೇಣಿ, ಆ ಶ್ರೇಣಿಗೊಂದು ತುದಿ ಇರುತ್ತದೆ. ಅದೇ ಹುದ್ದೆಯಲ್ಲಿ ವರ್ಷಗಳು ಉರುಳಿ ಮೂಲವೇತನ ಆ ತುದಿ ಮುಟ್ಟಿದರೆ ವಾರ್ಷಿಕ ವೇತನ ಬಡ್ತಿ ನಿಂತುಹೋಗುತ್ತದೆ. ಹಾಗೆ ನಿಂತವರಿಗೆ ಶ್ರೇಣಿಯ ಗರಿಷ್ಠವನ್ನು ಮೀರಿ ಕೊಡುವ ಹೆಚ್ಚಳವೇ ಸ್ಥಗಿತ ವೇತನ ಬಡ್ತಿ.

ಊರಿನಲ್ಲಿ ‘ಅವರಿಗೆ ಬಡ್ತಿ ಬಂತಂತೆ’ ಎಂದರೆ ಹುದ್ದೆ ಏರಿತೆಂದೇ ಅರ್ಥ. ಕಚೇರಿಯ ಕನ್ನಡದಲ್ಲಿ ವೇತನ ಬಡ್ತಿ ಹಣಕ್ಕೆ, ಮುಂಬಡ್ತಿ ಹುದ್ದೆಗೆ. ಗೆರೆ ಅಷ್ಟು ಸ್ಪಷ್ಟವೂ ಅಲ್ಲ. 1983ರ ನಿಯಮಗಳ ‘ಕಾಲಬದ್ಧ ಮುಂಬಡ್ತಿ’ಯನ್ನೇ ನೋಡಿ: ಮುಂಬಡ್ತಿಯಿಲ್ಲದೆ ಒಂದೇ ಹುದ್ದೆಯಲ್ಲಿ 10 ವರ್ಷ ಕಳೆದ ಅರ್ಹರಿಗೆ ಮೇಲಿನ ಶ್ರೇಣಿಯ ಸಂಬಳ ಸಿಗುತ್ತದೆ, ಕುರ್ಚಿ ಮಾತ್ರ ಹಳೆಯದೇ. 15 ವರ್ಷಕ್ಕೆ 1991ರ ನಿಯಮಗಳಡಿ ಹಿರಿಯ ವೇತನ ಶ್ರೇಣಿ. ಕೇಂದ್ರ ಸರ್ಕಾರದಲ್ಲೂ 2008ರಿಂದ 10, 20, 30 ವರ್ಷಗಳಿಗೆ ಇಂಥದೇ ಏರ್ಪಾಡು.

ಇದು ಸಣ್ಣ ಸಮಾಧಾನವೆಂದು ನಾನು ಹೇಳಲಾರೆ. ಮಕ್ಕಳ ಕಾಲೇಜು ಶುಲ್ಕ ಕಟ್ಟುವ ತಿಂಗಳಲ್ಲಿ ಅದರ ಬೆಲೆ ತಿಳಿಯುತ್ತದೆ. ಆದರೆ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ, ಹದಿನೆಂಟು ವರ್ಷದ ನಂತರವೂ ಅದೇ ಟಪಾಲು ವಹಿ ಬರೆಯುವವರ ಬೇಸರ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ. ಸಂಸ್ಕೃತದಲ್ಲಿ ‘ಸ್ಥಗಿತ’ಕ್ಕೆ ಮುಚ್ಚಿದ್ದು, ಮರೆಮಾಡಿದ್ದು ಎಂಬ ಅರ್ಥವಿದೆ. ಕನ್ನಡದಲ್ಲಿ ಅದು ‘ನಿಂತದ್ದು’ ಆಯಿತು. ಇಂಥವರ ಮಟ್ಟಿಗೆ ಎರಡೂ ಅರ್ಥ ಸಲ್ಲುತ್ತವೆ.

ಆದ್ದರಿಂದ ನಿಂತದ್ದು ಯಾವುದು ಎಂದು ಮೊದಲು ಬಿಡಿಸಿಕೊಳ್ಳಬೇಕು. ವೇತನವಾದರೆ ಸೇವಾ ಪುಸ್ತಕ ತೆರೆಸಿ ನಮೂದುಗಳನ್ನು ನೋಡಿ, ಬಾಕಿಯಿದ್ದರೆ ಮನವಿ ಕೊಡಬೇಕು. ಹುದ್ದೆಯಾದರೆ ತಡೆ ಬೇರೆಡೆ ಇರುತ್ತದೆ: ಮೇಲೆ ಖಾಲಿ ಹುದ್ದೆ ಇಲ್ಲದಿರಬಹುದು, ಇಲಾಖಾ ಪರೀಕ್ಷೆಯ ಒಂದು ಪತ್ರಿಕೆ ಉಳಿದಿರಬಹುದು, ಜ್ಯೇಷ್ಠತಾ ಪಟ್ಟಿಯಲ್ಲಿ ಸೇರಿದ ದಿನಾಂಕವೇ ತಪ್ಪಾಗಿರಬಹುದು. ತಾತ್ಕಾಲಿಕ ಪಟ್ಟಿ ಹೊರಬಿದ್ದಾಗ ಆಕ್ಷೇಪಣೆಗೆ ಕೊಡುವ ಗಡುವು ಕಡಿಮೆ. ಎಷ್ಟೋ ಜನ ಆ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದಷ್ಟೇ ನೋಡಿ ಮಡಚಿಡುತ್ತಾರೆ. ಎದುರಿಗಿರುವ ದಿನಾಂಕವನ್ನೂ ಓದಿ.