ಸೋಫಾದ ಹಿಂದೆಯೂ ಬಿಡದ ಸದ್ದು

ಬ್ರಿಟನ್ನಿನ ಗ್ರನಾಡಾ ಟಿವಿ 1966ರಲ್ಲಿ ಶಾಲಾ ಮಕ್ಕಳಿಗಾಗಿ ‘ಪಿಕ್ಚರ್ ಬಾಕ್ಸ್’ ಎಂಬ ಕಾರ್ಯಕ್ರಮ ಶುರು ಮಾಡಿತು. ಕಿರುಚಿತ್ರ ತೋರಿಸುವುದು, ಅದನ್ನು ನೋಡಿ ಮಕ್ಕಳು ಕಥೆ ಬರೆಯುವುದು, ಚಿತ್ರ ಬಿಡಿಸುವುದು, ಇಷ್ಟೇ ಅದರ ಉದ್ದೇಶ. ದೆವ್ವವಿಲ್ಲ, ರಕ್ತವಿಲ್ಲ. ಆದರೂ ಆ ಕಾಲದಲ್ಲಿ ಬೆಳೆದ ಬ್ರಿಟಿಷರು ಬಾಲ್ಯದಲ್ಲಿ ತಮ್ಮನ್ನು ನಡುಗಿಸಿದ ಕಾರ್ಯಕ್ರಮಗಳನ್ನು ನೆನೆಯುವಾಗ ಇದರ ಹೆಸರೂ ಬರುತ್ತದೆ. ನಡುಗಿಸಿದ್ದು ಅದರ ಶೀರ್ಷಿಕೆ ಭಾಗ. ಕುಸುರಿ ಕೆಲಸದ ಗಾಜಿನ ಪೆಟ್ಟಿಗೆಯೊಂದು ನಿಧಾನಕ್ಕೆ ತಿರುಗುತ್ತಿರುತ್ತದೆ, ಜೊತೆಗೊಂದು ಸಂಗೀತ.

ಆ ಸಂಗೀತ ಹುಟ್ಟಿದ್ದು ಗಾಜಿನ ಕಡ್ಡಿಗಳಿಂದ. ಫ್ರಾನ್ಸಿನ ಬಾಶೆ ಸಹೋದರರು 1952ರಲ್ಲಿ ರೂಪಿಸಿದ ಈ ವಾದ್ಯವನ್ನು ಒದ್ದೆ ಬೆರಳುಗಳಿಂದ ಉಜ್ಜಿ ನುಡಿಸುತ್ತಾರೆ. ವೀಣೆಯನ್ನು ಮೀಟಿದಾಗ, ತಬಲಾ ಬಾರಿಸಿದಾಗ ಸದ್ದಿಗೆ ಚುರುಕಾದ ಆರಂಭ ಇರುತ್ತದೆ. ಇದು ಯಾವ ವಾದ್ಯ, ಯಾವ ಕಡೆಯಿಂದ ಬಂತು ಎಂದು ಮಿದುಳು ತೀರ್ಮಾನಿಸುವುದು ಬಹುಪಾಲು ಆ ಮೊದಲ ಕ್ಷಣದಲ್ಲೇ. ಉಜ್ಜಿದ ಗಾಜಿನ ನಾದಕ್ಕೆ ಅಂಥ ಆರಂಭವಿಲ್ಲ. ಅದು ಗಾಳಿಯಲ್ಲಿ ಮೊದಲೇ ಇದ್ದಂತೆ ಮೆಲ್ಲಗೆ ಏರುತ್ತದೆ. ಇದರ ಜೊತೆಗೆ ನಮ್ಮ ಕಿವಿಯ ಮಿತಿಯೂ ಸೇರಿಕೊಳ್ಳುತ್ತದೆ. ತಗ್ಗಿನ ಸ್ವರಗಳ ದಿಕ್ಕನ್ನು ಮಿದುಳು ಎರಡು ಕಿವಿಗೆ ಸದ್ದು ತಲುಪುವ ಸಮಯದ ವ್ಯತ್ಯಾಸದಿಂದ ಲೆಕ್ಕ ಹಾಕುತ್ತದೆ, ಏರುಸ್ವರಗಳದ್ದನ್ನು ಗಟ್ಟಿತನದ ವ್ಯತ್ಯಾಸದಿಂದ. ನಡುವೆ, ಸುಮಾರು 2,000ದಿಂದ 3,000 ಹರ್ಟ್ಸ್ ಆಸುಪಾಸಿನಲ್ಲಿ, ಎರಡು ಲೆಕ್ಕವೂ ಸರಿಯಾಗಿ ಕೂಡಿಬರುವುದಿಲ್ಲ. ಯಾರು, ಎಲ್ಲಿಂದ ಎಂದು ಗೊತ್ತಾಗದ ಸದ್ದನ್ನು ನಿರ್ಲಕ್ಷಿಸಿದ ಪ್ರಾಣಿ ಕಾಡಿನಲ್ಲಿ ಹೆಚ್ಚು ದಿನ ಉಳಿಯಲಾರದು. ಹಾಗಾಗಿ ಶಾಲೆಯ ನೆಲದ ಮೇಲೆ ಚಕ್ಕಳಮಕ್ಕಳ ಕೂತ ಮಕ್ಕಳಿಗೆ ಹೆದರಿಕೆಯಾದದ್ದರಲ್ಲಿ ದಡ್ಡತನ ಏನೂ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವರ ಮಿದುಳು ತನ್ನ ಕೆಲಸ ಮಾಡುತ್ತಿತ್ತು.

ಆ ಕಾಲದ ಮಕ್ಕಳ ಧಾರಾವಾಹಿಗಳನ್ನು ಒಂದೊಂದಾಗಿ ಗಮನಿಸಿದರೆ ಭಯದ ಬಹುಪಾಲು ಹೊಣೆ ಹೊತ್ತಿದ್ದು ಕಿವಿಯೇ. 1977ರ ‘ಚಿಲ್ಡ್ರನ್ ಆಫ್ ದ ಸ್ಟೋನ್ಸ್’ ಚಿತ್ರೀಕರಣ ನಡೆದದ್ದು ಇಂಗ್ಲೆಂಡಿನ ಏವ್‌ಬರಿಯಲ್ಲಿ. ಸಾವಿರಾರು ವರ್ಷ ಹಳೆಯ ನಿಲುಗಲ್ಲುಗಳ ವೃತ್ತ, ಅದರೊಳಗೇ ಒಂದು ಹಳ್ಳಿ. ಜಾಗವೇ ವಿಚಿತ್ರ, ನಿಜ. ಆದರೆ ಸಂಗೀತ ಸಂಯೋಜಕ ಸಿಡ್ನಿ ಸೇಗರ್ ಅದಕ್ಕೆ ಕೂಡಿಸಿದ್ದು ವಾದ್ಯಮೇಳವನ್ನಲ್ಲ, ಮನುಷ್ಯರ ಕಂಠಗಳನ್ನು. ಪಿಸುಗುಟ್ಟುತ್ತಾ, ನರಳುತ್ತಾ, ಒಂದಕ್ಕೊಂದು ತಿಕ್ಕಾಡುತ್ತಾ ಏರುವ ಗುಂಪುದನಿ ಅದು. ಲೂಕ್ ಆರ್ನಲ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಮನುಷ್ಯರ ಚೀತ್ಕಾರದಲ್ಲಿ ಸದ್ದಿನ ಗಟ್ಟಿತನ ಸೆಕೆಂಡಿಗೆ 30ರಿಂದ 150 ಬಾರಿ ಏರಿಳಿಯುತ್ತದೆ. ನಮಗದು ಒರಟಾಗಿ ಕೇಳಿಸುತ್ತದೆ. ಸಾಮಾನ್ಯ ಮಾತಿನ ಏರಿಳಿತ ಇದಕ್ಕಿಂತ ಎಷ್ಟೋ ನಿಧಾನ. ಒರಟುತನ ಹೆಚ್ಚಾದಷ್ಟೂ ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾ ಎಂಬ ಮಿದುಳಿನ ಭಾಗ ಹೆಚ್ಚು ಚುರುಕಾಯಿತು. ತೀರ ಹತ್ತಿರದ ಎರಡು ಸ್ವರಗಳನ್ನು ಒಟ್ಟಿಗೆ ಹಾಡಿದರೂ ಇಂಥ ಒರಟುತನ ಹುಟ್ಟುತ್ತದೆ, ಯಾರೂ ಕಿರುಚಬೇಕಾಗಿಲ್ಲ.

ಬಿಬಿಸಿಯ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದು ಮೊದಲು ಪ್ರಸಾರವಾದದ್ದು 1963ರ ನವೆಂಬರ್ 23ರಂದು. ಅದರ ಶೀರ್ಷಿಕೆ ಸಂಗೀತಕ್ಕೆ ರಾನ್ ಗ್ರೇನರ್ ಬರೆದುಕೊಟ್ಟ ಸ್ವರಪ್ರಸ್ತಾರವನ್ನು ನಾದವಾಗಿಸಿದವರು ಬಿಬಿಸಿಯ ಧ್ವನಿ ಪ್ರಯೋಗಶಾಲೆಯಾದ, ಲಂಡನ್ನಿನ ಮೇಡಾ ವೇಲ್‌ನಲ್ಲಿದ್ದ ರೇಡಿಯೋಫೋನಿಕ್ ವರ್ಕ್‌ಶಾಪ್‌ನ ಡೀಲಿಯಾ ಡರ್ಬಿಶೈರ್, ಕೇಂಬ್ರಿಜ್‌ನಲ್ಲಿ ಗಣಿತ ಮತ್ತು ಸಂಗೀತ ಓದಿದವರು. ಆಗ ಸಿಂಥಸೈಸರ್ ಕೈಗೆ ಸಿಗುವಂತಿರಲಿಲ್ಲ. ಒಂದು ತಂತಿಯನ್ನು ಮೀಟಿ, ಅದನ್ನು ಟೇಪಿಗೆ ಹತ್ತಿಸಿ, ಟೇಪಿನ ವೇಗ ಬದಲಿಸಿ ಬೇರೆ ಬೇರೆ ಸ್ವರ ಪಡೆದರು. ಪ್ರತಿ ಸ್ವರಕ್ಕೂ ಬೇಕಾದಷ್ಟೇ ಉದ್ದದ ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಒಂದಕ್ಕೊಂದು ಅಂಟಿಸಿದರು. ಮೇಲಿನ ಊಳಿಡುವ ರಾಗ ಬಂದದ್ದು ವಿದ್ಯುತ್ ಆಂದೋಲಕಗಳಿಂದ. ಹುಡುಗಿಯಾಗಿದ್ದಾಗ ಕೊವೆಂಟ್ರಿಯಲ್ಲಿ ಬಾಂಬ್ ದಾಳಿಯ ಸೈರನ್ನುಗಳನ್ನು ಕೇಳಿ ಬೆಳೆದವರು ಡೀಲಿಯಾ. ತನ್ನ ಸಂಗೀತದಲ್ಲಿ ಆ ಸದ್ದಿನ ಪಾಲಿದೆ ಎಂದು ಮುಂದೆ ಅವರೇ ಹೇಳಿದ್ದುಂಟು. ಗ್ರೇನರ್ ಶ್ರೇಯಸ್ಸನ್ನು ಅವರ ಜೊತೆ ಹಂಚಿಕೊಳ್ಳಲು ಸಿದ್ಧರಿದ್ದರು. ಬಿಬಿಸಿಯ ನಿಯಮ ಬಿಡಲಿಲ್ಲ. ಅದು ದೊಡ್ಡ ಅನ್ಯಾಯ.

ಈ ಧಾರಾವಾಹಿಯನ್ನು ಮಕ್ಕಳು ಸೋಫಾದ ಹಿಂದೆ ಅವಿತು ನೋಡುತ್ತಿದ್ದರು ಎಂಬುದು ಬ್ರಿಟನ್ನಿನಲ್ಲಿ ಮನೆಮಾತು. ಅವಿತರೆ ಚಿತ್ರ ಮರೆಯಾಗುತ್ತದೆ, ಸದ್ದು ನಿಲ್ಲುವುದಿಲ್ಲ. ಕಾಣದ್ದನ್ನು ಮನಸ್ಸೇ ಬರೆದುಕೊಳ್ಳಬೇಕು. 1970ರ ಒಂದು ಕಂತಿನಲ್ಲಿ ಅಂಗಡಿಯ ಗಾಜಿನ ಹಿಂದಿರುವ ಉಡುಪಿನ ಬೊಂಬೆಗಳು ಜೀವ ತಳೆದು ಬೀದಿಗೆ ಇಳಿಯುತ್ತವೆ. ಗಾಜು ಒಡೆಯುವುದನ್ನು ತೋರಿಸಿಲ್ಲ, ಫಳ್ ಎಂಬ ಸದ್ದನ್ನಷ್ಟೇ ಕೇಳಿಸಿದ್ದಾರೆ.

ಇನ್ನು ವಯಸ್ಸಿನ ಮಾತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋನ್ ಕ್ಯಾಂಟರ್ ಟಿವಿ ಮತ್ತು ಮಕ್ಕಳ ಭಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಸುಮಾರು ಏಳೆಂಟು ವರ್ಷದವರೆಗೆ ಮಕ್ಕಳನ್ನು ಹೆದರಿಸುವುದು ಕಂಡ ರೂಪ, ಕೇಳಿದ ದನಿ. ‘ಇದು ನಿಜವಲ್ಲ ಪುಟ್ಟಾ’ ಎಂಬ ಸಮಾಧಾನ ಆ ವಯಸ್ಸಿಗೆ ತಾಗುವುದಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ತಬ್ಬಿಕೊಳ್ಳುವುದು ತಾಗುತ್ತದೆ. ದೊಡ್ಡ ಮಕ್ಕಳಿಗೆ ‘ಹೀಗೂ ಆಗಬಹುದಲ್ಲ’ ಎಂಬ ಯೋಚನೆಯೇ ಭಯ. 1975ರ ‘ದ ಚೇಂಜಸ್’ ಧಾರಾವಾಹಿ ಅವರನ್ನು ಹಿಡಿದದ್ದು ಹೀಗೆ. ತಲೆಯೊಳಗೆ ಒಂದು ಸದ್ದು ಎದ್ದು ಜನ ಇದ್ದಕ್ಕಿದ್ದಂತೆ ಯಂತ್ರಗಳನ್ನು ದ್ವೇಷಿಸತೊಡಗುತ್ತಾರೆ, ಕಂಡಕಂಡ ಯಂತ್ರಗಳನ್ನು ಜಜ್ಜುತ್ತಾರೆ, ಮನೆಯ ಟಿವಿಯನ್ನೂ ಬಿಡುವುದಿಲ್ಲ. ಹಿಂದಿನ ವರ್ಷವಷ್ಟೇ ಕಲ್ಲಿದ್ದಲಿನ ಬಿಕ್ಕಟ್ಟಿನಲ್ಲಿ ವಿದ್ಯುತ್ ಉಳಿಸಲು ವಾರಕ್ಕೆ ಮೂರೇ ದಿನ ಕೆಲಸ ಎಂಬ ಆಜ್ಞೆ ಕಂಡಿದ್ದ ದೇಶ ಅದು. ಹೆತ್ತವರಿಂದ ಬೇರ್ಪಟ್ಟ ನಾಯಕಿಗೆ ಆಸರೆಯಾಗುವವರು ಒಂದು ಸಿಖ್ ಗುಂಪು. ಅಂದಿನ ಬ್ರಿಟಿಷ್ ಟಿವಿಯಲ್ಲಿ ಭಾರತೀಯ ಮೂಲದವರನ್ನು ಇಷ್ಟು ಗೌರವದಿಂದ ಕಂಡದ್ದು ನನಗೆ ತುಂಬ ಹಿಡಿಸಿದ ಸಂಗತಿ.

ಇಷ್ಟು ವರ್ಷವಾದರೂ ಭಯ ಏಕೆ ಮಾಸುವುದಿಲ್ಲ? ನೆನಪಿನ ಸಂಶೋಧಕರಾದ ಲ್ಯಾರಿ ಕೇಹಿಲ್ ಮತ್ತು ಜೇಮ್ಸ್ ಮೆಕ್‌ಗಾ 1994ರಲ್ಲಿ ಜನರಿಗೆ ಅಪಘಾತಕ್ಕೆ ಸಿಕ್ಕ ಹುಡುಗನ ಕಥೆಯೊಂದನ್ನು ಸ್ಲೈಡುಗಳಲ್ಲಿ ತೋರಿಸಿದರು. ಸಾಮಾನ್ಯವಾಗಿ ಎದೆ ಕಲಕುವ ಭಾಗವೇ ಹೆಚ್ಚು ನೆನಪಿರುತ್ತದೆ. ಒತ್ತಡದ ಹಾರ್ಮೋನುಗಳನ್ನು ತಡೆಯುವ ಪ್ರೊಪ್ರನಲಾಲ್ ಮಾತ್ರೆ ಮೊದಲೇ ನುಂಗಿದವರಲ್ಲಿ ಆ ಹೆಚ್ಚುಗಾರಿಕೆ ಕಾಣಲಿಲ್ಲ. ಎದೆ ಡವಗುಟ್ಟಿದ ಗಳಿಗೆಯನ್ನು ಗಟ್ಟಿಯಾಗಿ ಬರೆದಿಡು ಎಂದು ದೇಹವೇ ಮಿದುಳಿಗೆ ಅಪ್ಪಣೆ ಮಾಡುತ್ತದೆ ಎಂದಾಯಿತು.

ಗಟ್ಟಿಯಾಗಿ ನೆನಪಿದೆ ಎಂದರೆ ಸರಿಯಾಗಿ ನೆನಪಿದೆ ಎಂದಲ್ಲ. 2002ರ ಒಂದು ಅಧ್ಯಯನದಲ್ಲಿ ಬ್ರಿಟನ್ನಿನ 45 ಜನರನ್ನು, ರಾಜಕುಮಾರಿ ಡಯಾನಾಳ ಕಾರು ಅಪ್ಪಳಿಸಿದ ಕ್ಷಣದ ದೃಶ್ಯವನ್ನು ನೋಡಿದ್ದೀರಾ ಎಂದು ಕೇಳಿದರು. ಶೇ. 44 ಮಂದಿ ಹೌದು ಎಂದರು. ಅಂಥ ದೃಶ್ಯ ಎಲ್ಲೂ ಇಲ್ಲ. ಹಳೆಯ ಟಿವಿ ಭಯಗಳ ವಿಷಯದಲ್ಲಿ ಪರೀಕ್ಷಿಸಿಕೊಳ್ಳಲೂ ದಾರಿಯಿರಲಿಲ್ಲ. ಮನೆಗಳಲ್ಲಿ ವಿಸಿಆರ್ ಇರಲಿಲ್ಲ, ಒಮ್ಮೆ ಕಂಡದ್ದೇ ಕಂಡದ್ದು. ಟೇಪು ದುಬಾರಿಯಾದ್ದರಿಂದ ಬಿಬಿಸಿ ಹಳೆಯ ಕಾರ್ಯಕ್ರಮಗಳನ್ನು ಅಳಿಸಿ ಅದೇ ಟೇಪನ್ನು ಮತ್ತೆ ಬಳಸಿತು. ‘ಡಾಕ್ಟರ್ ಹೂ’ 1960ರ ದಶಕದ ಕಂತುಗಳಲ್ಲಿ ಎಷ್ಟೋ ಹೀಗೆ ಹೋದವು.

ಹೋದದ್ದು ಚಿತ್ರ ಮಾತ್ರ. ಆ ಕಂತುಗಳು ಪ್ರಸಾರವಾಗುವಾಗ ಕೆಲವು ವೀಕ್ಷಕರು ಮನೆಯ ಟೇಪ್ ರೆಕಾರ್ಡರಿನಲ್ಲಿ ಧ್ವನಿಯನ್ನು ಮುದ್ರಿಸಿಕೊಂಡಿದ್ದರು. ಕಳೆದುಹೋದ ಒಂದೊಂದು ಕಂತಿನ ಸದ್ದೂ ಇವತ್ತು ನಮ್ಮ ಬಳಿ ಉಳಿದಿರುವುದು ಅವರಿಂದ. 2016ರಲ್ಲಿ ಬಿಬಿಸಿ ‘ದ ಪವರ್ ಆಫ್ ದ ಡಾಲೆಕ್ಸ್’ ಎಂಬ ಆರು ಕಂತುಗಳ ಕಥೆಯನ್ನು ಮತ್ತೆ ಹೊರತಂದಾಗ, ಐವತ್ತು ವರ್ಷ ಹಳೆಯ ಆ ಧ್ವನಿಯನ್ನೇ ಇಟ್ಟುಕೊಂಡು ಅದಕ್ಕೆ ಹೊಸದಾಗಿ ಚಿತ್ರ ಬಿಡಿಸಿತು.