ನೂರಕ್ಕೆ ನೂರಕ್ಕಿಂತ ಜಾಸ್ತಿ ನೀರು: ಕೋಲಾರದ ಬೋರ್‌ವೆಲ್ ಲೆಕ್ಕ, ನನಗೆ ಅರ್ಥವಾದ ಹಾಗೆ

ಅರ್ಥಶಾಸ್ತ್ರ ಪುಸ್ತಕದ ಆರ್ಥಿಕತೆ ಮತ್ತು ಪರಿಸರದ ಅಧ್ಯಾಯವನ್ನು ಪರೀಕ್ಷೆಗೆ ಅಂತ ಮೂರು ಸಲ ಓದಿದೆ. ಮೂರು ಸಲವೂ ಒಂದೇ ಚಿತ್ರದ ಮುಂದೆ ನಿಂತೆ. ಆರ್ಥಿಕತೆಯಿಂದ ಪರಿಸರಕ್ಕೆ ಒಂದು ಬಾಣ, ಪರಿಸರದಿಂದ ಆರ್ಥಿಕತೆಗೆ ಇನ್ನೊಂದು ಬಾಣ. ಬಿಡಿಸೋಕೆ ಸುಲಭ, ಅಂಕವೂ ಸಿಗಬಹುದು. ಆದರೆ ಆ ಎರಡನೇ ಬಾಣ ಯಾವ ದಾರಿಯಲ್ಲಿ ವಾಪಸ್ ಬರುತ್ತದೆ, ಯಾರಿಗೆ ತಾಗುತ್ತದೆ ಅನ್ನೋದು ಪುಸ್ತಕದಿಂದ ತಲೆಗೆ ಹೋಗಲಿಲ್ಲ. ಮುಳಬಾಗಿಲು ತಾಲ್ಲೂಕಿನಲ್ಲಿ ನಮ್ಮ ದೊಡ್ಡಪ್ಪನದು ಎರಡು ಎಕರೆ ಟೊಮೆಟೊ ತೋಟ ಇದೆ. ಅಲ್ಲಿನ ಬೋರ್ ಇಟ್ಟುಕೊಂಡು ಲೆಕ್ಕ ಹಾಕಿದ ಮೇಲೆ ಹೋಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಬಾಹ್ಯ ಪರಿಣಾಮ (ಒಬ್ಬರ ಕೆಲಸದ ಖರ್ಚು ಬೇರೆಯವರ ತಲೆಗೆ ಬೀಳೋದು), ಅದಕ್ಕೆ ಅರ್ಥಶಾಸ್ತ್ರಜ್ಞ ಪಿಗೂ ಹೇಳಿದ ತೆರಿಗೆ ಇವೆಲ್ಲ ಪುಸ್ತಕದಲ್ಲೇ ಚೆನ್ನಾಗಿವೆ. ಅವನ್ನು ಮತ್ತೆ ಬರೆಯೋದಿಲ್ಲ.

ಶೇ 100 ಅಂದರೆ ಯಾವುದರ ನೂರು?

ನಾನು ಎಡವಿದ್ದು ಇಲ್ಲೇ, ಹಾಗಾಗಿ ಇದೇ ಉದ್ದವಾಗುತ್ತದೆ. ಕ್ಷಮಿಸಿ.

ಅಂತರ್ಜಲದ ವರದಿಗಳಲ್ಲಿ ತಾಲ್ಲೂಕುಗಳನ್ನು ನಾಲ್ಕು ಗುಂಪು ಮಾಡುತ್ತಾರೆ. ಬಳಕೆ ಶೇ 70ರ ಒಳಗಿದ್ದರೆ ಸುರಕ್ಷಿತ. 70ರಿಂದ 90 ಅರೆ ಕ್ಲಿಷ್ಟ. 90ರಿಂದ 100 ಕ್ಲಿಷ್ಟ. 100 ದಾಟಿದರೆ ಅತಿಬಳಕೆ. ಕೋಲಾರ ಜಿಲ್ಲೆಯ ತಾಲ್ಲೂಕುಗಳು ಎಷ್ಟೋ ವರ್ಷ ಈ ಕೊನೆಯ ಗುಂಪಿನಲ್ಲೇ ಇದ್ದವು.

ನನ್ನ ಪ್ರಶ್ನೆ ದಡ್ಡತನದ್ದು ಅನ್ನಿಸಬಹುದು. ಬಿಂದಿಗೆಯಲ್ಲಿ ಇರೋದೇ ನೂರು ಲೋಟ. ನೂರಾ ಐವತ್ತು ಲೋಟ ಕುಡಿಯೋದು ಹೇಗೆ?

ಉತ್ತರ ಭಾಗಾಕಾರದ ಕೆಳಗಿನ ಅಂಕಿಯಲ್ಲಿದೆ. ಆ ನೂರು ಅಂದರೆ ನೆಲದ ಕೆಳಗಿರುವ ಒಟ್ಟು ನೀರು ಅಂತ ನಾನು ಓದಿಕೊಂಡಿದ್ದೆ. ಅದು ತಪ್ಪು. ಒಂದು ವರ್ಷದಲ್ಲಿ ಮಳೆಯಿಂದ, ಕೆರೆಯಿಂದ ಹೊಸದಾಗಿ ಇಂಗುವ ನೀರಿಗೆ ಆ ನೂರು. ಅದರಲ್ಲೂ ತಾನಾಗಿ ಹಳ್ಳಕ್ಕೆ ಹರಿದು ಹೋಗುವ ಸ್ವಲ್ಪ ಪಾಲನ್ನು ಕಳೆದಿರುತ್ತಾರೆ. ಸಂಬಳ ಮತ್ತು ಉಳಿತಾಯ ಅಂದುಕೊಳ್ಳಿ. ತಿಂಗಳಿಗೆ 20,000 ಸಂಬಳ, 30,000 ಖರ್ಚು. ಶೇ 150. ಮೇಲಿನ ಹತ್ತು ಸಾವಿರ ಬರೋದು ಅಜ್ಜ ಇಟ್ಟ ಡಿಪಾಸಿಟ್‌ನಿಂದ. ಡಿಪಾಸಿಟ್ ಎಷ್ಟಿದೆ ಅಂತ ಈ ಶೇಕಡಾ ಹೇಳುವುದೇ ಇಲ್ಲ.

ಈಗ ನಿಜವಾದ ಗಾತ್ರಗಳನ್ನು ಹಾಕೋಣ. ಕೋಲಾರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಅಂತ ಹಿಡಿಯಿರಿ. ಅಡಿಯಲ್ಲಿರೋದು ಗಟ್ಟಿ ಕಲ್ಲು. ಮಳೆಯ ಹತ್ತರಲ್ಲಿ ಒಂದು ಪಾಲು ಇಂಗಿದರೆ 70 ಮಿಲಿಮೀಟರ್. ಒಂದು ಎಕರೆ ಅಂದರೆ 4,047 ಚದರ ಮೀಟರ್. ಗುಣಿಸಿದರೆ ಎಕರೆಗೆ ಸುಮಾರು 2.8 ಲಕ್ಷ ಲೀಟರ್. ಇದು ಒಂದು ಎಕರೆ ನೆಲದ ವರ್ಷದ ಸಂಬಳ.

ಖರ್ಚು? ಬೇಸಿಗೆಯ ಒಂದು ಬೆಳೆಗೆ ಸಾಲುಗಳಲ್ಲಿ ನೀರು ಹಾಯಿಸಿದರೆ ಅರ್ಧ ಮೀಟರ್ ನೀರು ಬೇಕು ಅಂತ ಇಟ್ಟುಕೊಳ್ಳಿ. ಎಕರೆಗೆ 20 ಲಕ್ಷ ಲೀಟರ್. ಭಾಗಿಸಿ ನೋಡಿ. ಒಂದು ಎಕರೆ ಟೊಮೆಟೊ, ಏಳು ಎಕರೆಯ ಸಂಬಳವನ್ನು ಒಂದೇ ಬೆಳೆಗೆ ತಿನ್ನುತ್ತದೆ. ಈ ಏಳು ಅನ್ನುವ ಅಂಕಿ ಬಂದ ದಿನ ನಾನು ಪುಸ್ತಕ ಮುಚ್ಚಿಟ್ಟು ಟೀ ಕುಡಿಯೋಕೆ ಹೋದೆ. ದೊಡ್ಡಪ್ಪನದು ಎರಡು ಎಕರೆ. ಅಂದರೆ ಅವರ ಬೇಲಿಯ ಆಚೆ ಇನ್ನೂ ಹನ್ನೆರಡು ಎಕರೆಯ ಮಳೆ ಅವರ ಪೈಪಿಗೆ ಬರುತ್ತಿರಬೇಕು, ಅಥವಾ ಡಿಪಾಸಿಟ್ ಕರಗುತ್ತಿರಬೇಕು.

(ಏಳು ಅನ್ನೋದರಲ್ಲಿ ಒಂದು ಸಣ್ಣ ಮೋಸ ಇದೆ. ಡ್ರಿಪ್ (ಹನಿ ನೀರಾವರಿ) ಬಗ್ಗೆ ಬರೆಯುವಾಗ ಸರಿ ಮಾಡುತ್ತೇನೆ.)

ಎರಡು ಬೆರಳಗಲ ನೀರು, ಆರು ಅಡಿ ಕುಸಿತ

ಇಲ್ಲೂ ಒಂದು ದಿನ ಹೋಯಿತು. ಬಳಕೆ ಶೇ 150 ಇದೆ ಅನ್ನಿ. ಸಂಬಳ 70 ಮಿಲಿಮೀಟರ್, ಖರ್ಚು 105. ಕೊರತೆ 35 ಮಿಲಿಮೀಟರ್. ಎರಡು ಬೆರಳಗಲ, ಅಷ್ಟೇ. ಹಾಗಿದ್ದ ಮೇಲೆ ವರ್ಷಕ್ಕೆ ಅಡಿಗಟ್ಟಲೆ ನೀರು ಕೆಳಗೆ ಹೋಗೋದು ಯಾಕೆ?

ಕೆಳಗೆ ಕೆರೆ ಇದೆ ಅಂತ ಕಲ್ಪಿಸಿಕೊಂಡಿದ್ದು ನನ್ನ ತಪ್ಪು. ಕೋಲಾರದ ಕೆಳಗೆ ಇರೋದು ಕಗ್ಗಲ್ಲು. ಮೇಲೆ ಸ್ವಲ್ಪ ಕೊಳೆತ ಕಲ್ಲಿನ ಪದರ, ಅದರ ಕೆಳಗೆ ಬಿರುಕುಗಳು. ನೀರು ನಿಲ್ಲೋದು ಆ ಸಂದಿಗಳಲ್ಲಿ ಮಾತ್ರ. ನೂರು ಲೀಟರ್ ಗಾತ್ರದ ಕಲ್ಲನ್ನು ಬಸಿದರೆ ಎರಡು ಲೀಟರ್ ನೀರು ಸಿಕ್ಕರೆ ಹೆಚ್ಚು. ಇದಕ್ಕೆ ಸ್ಪೆಸಿಫಿಕ್ ಯೀಲ್ಡ್ ಅನ್ನುತ್ತಾರೆ. ನಾನು ನೋಟ್ಸ್‌ನಲ್ಲಿ 'ಬಸಿಯುವ ಪಾಲು' ಅಂತ ಬರೆದುಕೊಂಡಿದ್ದೇನೆ.

ಪಾಲು ಶೇ 2 ಆದರೆ 35 ಮಿಲಿಮೀಟರ್ ನೀರು ತೆಗೆಯೋಕೆ 35 ಭಾಗಿಸು 0.02, ಅಂದರೆ 1,750 ಮಿಲಿಮೀಟರ್ ದಪ್ಪದ ಕಲ್ಲನ್ನು ಬರಿದು ಮಾಡಬೇಕು. ಹತ್ತಿರ ಹತ್ತಿರ ಆರು ಅಡಿ. ಒಂದೇ ವರ್ಷಕ್ಕೆ.

ನನ್ನ ಶಾರ್ಟ್‌ಕಟ್ ಇದು: ಗಟ್ಟಿ ಕಲ್ಲಿನ ಸೀಮೆಯಲ್ಲಿ ಕೊರತೆಯನ್ನು 50ರಿಂದ ಗುಣಿಸಿ. ಅಷ್ಟೇ ಕುಸಿತ. ಮಳೆಗೂ ಇದೇ ಗುಣಾಕಾರ. ಮಿಕ್ಕಿದ ನೀರು ಎರಡು ಬೆರಳಗಲ ಇಂಗಿದರೂ ಮಟ್ಟ ಆರು ಅಡಿ ಏರುತ್ತದೆ. 2021ರ ನವೆಂಬರ್ ಮಳೆಗೆ ನಮ್ಮ ಕಡೆ ಕೆರೆಗಳು ಕೋಡಿ ಹರಿದವು. ಆಮೇಲೆ ಕೈಬಿಟ್ಟಿದ್ದ ಬೋರ್‌ಗಳಲ್ಲೂ ನೀರು ಬಂತು ಅಂತ ಊರಲ್ಲಿ ಹಬ್ಬ ಮಾಡಿದರು. ಜೇಬು ಸಣ್ಣದು, ಅದಕ್ಕೇ ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ. ಇನ್ನೂ ಆಳಕ್ಕೆ ಹೋದರೆ ಬಿರುಕುಗಳು ಮತ್ತಷ್ಟು ಕಡಿಮೆ. 1,200 ಅಡಿ ಕೊರೆದವರಿಗೆ 600 ಅಡಿಯವರಿಗಿಂತ ಎರಡರಷ್ಟು ನೀರು ಸಿಗುತ್ತದೆ ಅಂತೇನಿಲ್ಲ.

ಕಲ್ಲು ಕಳಿಸಿದ ಬಿಲ್ ಎಲ್ಲಿ ಹೋಯಿತು?

ನಿಯಮದ ಪ್ರಕಾರ ಎರಡನೇ ಬಾಣ ಬೆಲೆಯ ರೂಪದಲ್ಲಿ ಬರಬೇಕು. ನೀರು ಆಳಕ್ಕೆ ಹೋದಷ್ಟೂ ಎತ್ತೋದು ದುಬಾರಿ, ದುಬಾರಿಯಾದರೆ ಬಳಕೆ ಕಡಿಮೆ. ಕಪಿಲೆ ಕಾಲದಲ್ಲಿ ಹೀಗೇ ಆಗುತ್ತಿತ್ತು. ಎತ್ತುಗಳಿಗೆ ಸುಸ್ತಾದರೆ ನೀರು ನಿಂತಿತು. ಬಾವಿಯ ಆಳಕ್ಕೂ ಒಂದು ಮಿತಿ ಇತ್ತು.

ಈಗಿನ ಲೆಕ್ಕ ನೋಡಿ. ಸಾವಿರ ಲೀಟರ್ ನೀರನ್ನು ಒಂದು ಮೀಟರ್ ಎತ್ತಲು 0.0027 ಯೂನಿಟ್ ಕರೆಂಟ್ ಬೇಕು. ಸಾವಿರ ಅಡಿ ಅಂದರೆ 305 ಮೀಟರ್, ಹಾಗಾಗಿ 0.83 ಯೂನಿಟ್. ಮೋಟಾರ್ ಪಂಪು ಎಲ್ಲ ಸೇರಿ ಶೇ 40 ಕೆಲಸ ಮಾಡಿದರೆ ಎರಡು ಯೂನಿಟ್. ಮೇಲಿನ 20 ಲಕ್ಷ ಲೀಟರಿಗೆ 4,000 ಯೂನಿಟ್. ಮನೆಯ ಕರೆಂಟ್ ಬಿಲ್ ತೆಗೆದು ಯೂನಿಟ್ ದರ ನೋಡಿ ಗುಣಿಸಿಕೊಳ್ಳಿ, ಎದೆ ಧಸಕ್ಕೆನ್ನುತ್ತದೆ.

ಆದರೆ ಆ ಬಿಲ್ ರೈತರಿಗೆ ಬರುವುದಿಲ್ಲ. ಕರ್ನಾಟಕದಲ್ಲಿ 10 ಎಚ್‌ಪಿ ತನಕದ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಇದನ್ನು ಬೈಯೋಕೆ ನಾನು ಬರೆಯುತ್ತಿಲ್ಲ. ಕಾಲುವೆ ನೀರು ಸಿಗುವ ಮಂಡ್ಯದ ರೈತರಿಗೆ ಅಣೆಕಟ್ಟು ಕಟ್ಟಿಸಿ ಕೊಟ್ಟ ಸರ್ಕಾರ, ವರ್ಷವಿಡೀ ಹರಿಯುವ ನದಿಯೇ ಇಲ್ಲದ ಸೀಮೆಗೆ ಕರೆಂಟಾದರೂ ಕೊಡಬೇಡವಾ? ಆದರೆ ಪರಿಣಾಮ ಏನು ಅನ್ನೋದನ್ನು ಗುರುತಿಸಬೇಕು. ಹನಿ ಹನಿಯಾಗಿ ಬರಬೇಕಿದ್ದ ಎಚ್ಚರಿಕೆ ನಿಂತುಹೋಯಿತು. ಅದು ಬರೋದು ಒಂದೇ ಸಲ, ಬೋರ್ ಫೇಲ್ ಆದ ದಿನ. ಆಗ ರಿಗ್ ಲಾರಿ, ಕೇಸಿಂಗ್ ಪೈಪು, ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡುವವರು, ಬಡ್ಡಿ ಸಾಲ, ಎಲ್ಲ ಒಟ್ಟಿಗೆ.

ಪಕ್ಕದಲ್ಲೇ ಕೆಜಿಎಫ್ ಇದೆ, ಹೋಲಿಸದೆ ಇರೋಕೆ ಆಗಲಿಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟ್ ಮೊದಲು ಹೋಗಿದ್ದೇ ಆ ಚಿನ್ನದ ಗಣಿಗೆ. ಮೂರು ಕಿಲೋಮೀಟರಿಗಿಂತ ಆಳ ಇಳಿದರು. ಕೊನೆಗೆ ಸಿಗುವ ಚಿನ್ನಕ್ಕಿಂತ ತೆಗೆಯುವ ಖರ್ಚೇ ಜಾಸ್ತಿ ಆಗಿ 2001ರಲ್ಲಿ ಮುಚ್ಚಿದರು. ಚಿನ್ನದ ಗಣಿಗೆ ಬಿಲ್ ಬರುತ್ತಿತ್ತು. ನೀರಿನ ಗಣಿಗೆ ಬರುವುದಿಲ್ಲ.

ಎಲ್ಲರ ನೀರು, ಅವರವರ ಮೋಟಾರ್

ಹಾರ್ಡಿನ್ ಅವರ 1968ರ ಲೇಖನದ ಹುಲ್ಲುಗಾವಲಿನ ಕಥೆ ನಿಮಗೆ ಗೊತ್ತಿರುತ್ತದೆ: ಎಲ್ಲರ ಹುಲ್ಲುಗಾವಲಿಗೆ ಪ್ರತಿಯೊಬ್ಬರೂ ತಮ್ಮ ಲಾಭಕ್ಕೆ ಇನ್ನೊಂದು ದನ ಬಿಡುತ್ತಾ ಹೋಗುತ್ತಾರೆ, ಕೊನೆಗೆ ಯಾರಿಗೂ ಹುಲ್ಲು ಉಳಿಯೋದಿಲ್ಲ. ಅಂತರ್ಜಲದಲ್ಲಿ ಒಂದು ವಿಶೇಷ ಇದೆ. 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ ನೆಲದ ಮಾಲೀಕನಿಗೆ ತನ್ನ ನೆಲದ ಕೆಳಗಿನ ನೀರನ್ನು ಎತ್ತಿಕೊಳ್ಳುವ ಹಕ್ಕಿದೆ. ಆದರೆ ನೀರಿಗೆ ಸರ್ವೆ ಕಲ್ಲು ಗೊತ್ತಿಲ್ಲ. ಕಾಗದದಲ್ಲಿ ಖಾಸಗಿ, ಕಲ್ಲಿನಲ್ಲಿ ಸಾರ್ವಜನಿಕ. ಅಧಿಸೂಚಿತ ಪ್ರದೇಶದಲ್ಲಿ ಕೊರೆಯಲು ಅನುಮತಿ ಬೇಕು ಅಂತ 2011ರ ರಾಜ್ಯ ಕಾಯ್ದೆ ಹೇಳುತ್ತದೆ. ರಾತ್ರಿ ಬರುವ ರಿಗ್ ಲಾರಿಯ ಸದ್ದು ಬೇರೆಯೇ ಹೇಳುತ್ತದೆ.

ಏಳು ಎಕರೆಯ ಲೆಕ್ಕವನ್ನು ದೊಡ್ಡಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಸರಿಯಾಗೇ ಇದೆ ಕಣಪ್ಪ. ಪಕ್ಕದ ತೋಟದವನಿಗೂ ತೋರಿಸಿದ್ಯಾ?" ಅಂದರು. ಹಾರ್ಡಿನ್ ಇಡೀ ಲೇಖನದಲ್ಲಿ ಹೇಳಿದ್ದು ಇಷ್ಟೇ ಅಲ್ವಾ!

ಅದಕ್ಕೆ ಉತ್ತರ ಕೊಟ್ಟವರು ಎಲಿನಾರ್ ಆಸ್ಟ್ರಮ್, 2009ರ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಊರಿನವರೇ ನಿಯಮ ಮಾಡಿಕೊಂಡು ಸಾಮಾನ್ಯ ಸಂಪತ್ತನ್ನು ಉಳಿಸಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ ಅಂತ ತೋರಿಸಿದರು. ಪರೀಕ್ಷೆಗೆ ದೂರದ ಉದಾಹರಣೆ ಬಾಯಿಪಾಠ ಮಾಡಬೇಡಿ. ನಮ್ಮ ಕೆರೆಯ ನೀರಗಂಟಿ ಸಾಕು. ತೂಬು ಎತ್ತೋದು ಅವನೇ, ಅಚ್ಚುಕಟ್ಟಿನ ಯಾವ ಗದ್ದೆಗೆ ಯಾವಾಗ ನೀರು ಅಂತ ನೋಡೋದೂ ಅವನೇ. ಕೆರೆಯ ನೀರು ಕಣ್ಣಿಗೆ ಕಾಣುತ್ತಿತ್ತು, ಜಗಳವೂ ಕಾಣುತ್ತಿತ್ತು. ಬೋರ್ ಬಂದ ಮೇಲೆ ನೀರು ಕಣ್ಣಿಂದ ಮರೆಯಾಯಿತು, ನೀರಗಂಟಿಗೆ ಕೆಲಸ ಇಲ್ಲವಾಯಿತು, ಕೆರೆಯ ಹೂಳು ಯಾರಿಗೂ ಬೇಡವಾಯಿತು. ಹೂಳು ತುಂಬಿದ ಮೇಲೆ ಇಂಗೋದು ಇನ್ನೂ ಕಡಿಮೆ. ಬಾಣ ಸುತ್ತು ಹಾಕಿ ಬರೋದು ಅಂದರೆ ಇದು.

ಡ್ರಿಪ್ ಹಾಕಿದರೆ ನೀರು ಉಳಿಯುತ್ತದಾ?

ಉಳಿಯುತ್ತದೆ ಅಂತ ಬರೆದು ನಾನು ಅಂಕ ಕಳೆದುಕೊಂಡಿದ್ದೇನೆ. ಇಲ್ಲಿ 'ಎತ್ತಿದ ನೀರು' ಮತ್ತು 'ತಿಂದ ನೀರು' ಬೇರೆ ಬೇರೆ. ಅಂಕಿಗಳು ನಾನೇ ಇಟ್ಟುಕೊಂಡವು, ತರ್ಕ ಮಾತ್ರ ಹಿಡಿಯಿರಿ.

ಹಾಯಿಸುವಾಗ ಎತ್ತಿದ್ದು 20 ಲಕ್ಷ ಲೀಟರ್. ಗಿಡ ಕುಡಿದಿದ್ದು 12, ಬಿಸಿಲಿಗೆ ಹೋಗಿದ್ದು 3, ಮತ್ತೆ ಇಂಗಿದ್ದು 5. ಹಾಗಾಗಿ ನೆಲ ನಿಜವಾಗಿ ಕಳೆದುಕೊಂಡಿದ್ದು 15. (ಮೇಲೆ ಹೇಳಿದ ಮೋಸ ಇದೇ. ಏಳು ಎಕರೆ ಅಂದಿದ್ದು ಐದೂ ಚಿಲ್ಲರೆ ಆಗುತ್ತದೆ.) ಡ್ರಿಪ್‌ನಲ್ಲಿ ಎತ್ತಿದ್ದು 14. ಗಿಡಕ್ಕೆ ಅದೇ 12, ಬಿಸಿಲಿಗೆ 1, ಇಂಗಿದ್ದು 1. ನೆಲ ಕಳೆದುಕೊಂಡಿದ್ದು 13. ಪೈಪಿನಲ್ಲಿ ನೋಡಿದರೆ 6 ಲಕ್ಷ ಉಳಿತಾಯ, ನೆಲದಲ್ಲಿ ನೋಡಿದರೆ 2.

ಈಗ ದೊಡ್ಡಪ್ಪ ಏನು ಮಾಡುತ್ತಾರೆ? ಮೋಟಾರ್ ಆಫ್ ಮಾಡಿ ಕೂರುತ್ತಾರಾ? ಪಕ್ಕದ ಬೀಳು ಜಮೀನಿಗೂ ಪೈಪ್ ಎಳೆಯುತ್ತಾರೆ. ಅದೇ 20 ಲಕ್ಷದಲ್ಲಿ ಈಗ ಒಂದು ಎಕರೆ ಹದಿನೇಳು ಗುಂಟೆ. ನೆಲ ಕಳೆದುಕೊಳ್ಳೋದು 18.6. ಮೊದಲಿಗಿಂತ ಮೂರೂವರೆ ಲಕ್ಷ ಜಾಸ್ತಿ! ಉಗಿಯಂತ್ರ ಚುರುಕಾದಷ್ಟೂ ಕಲ್ಲಿದ್ದಲು ಜಾಸ್ತಿ ಸುಡುತ್ತದೆ ಅಂತ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲಿ ಹೇಳಿದ್ದೂ ಇದನ್ನೇ. ದೊಡ್ಡಪ್ಪನಿಗೆ ಡ್ರಿಪ್‌ನಿಂದ ಲಾಭ ಆಗಿದೆ, ಗೊಬ್ಬರ ಉಳಿದಿದೆ, ಕಳೆ ಕಡಿಮೆ ಆಗಿದೆ. ಅಂತರ್ಜಲಕ್ಕೆ ಲಾಭ ಆಗಬೇಕಾದರೆ ಎಕರೆಗೂ ಒಂದು ಮಿತಿ ಬೇಕು. ಉತ್ತರದಲ್ಲಿ ಈ ಎರಡನ್ನೂ ಬೇರೆ ಬೇರೆ ಬರೆಯಿರಿ.

ವಾಪಸ್ ಬರುವ ಬಾಣ, ಚುಟುಕಾಗಿ

ಆಳದ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲು, ಮೂಳೆಗೆ ತೊಂದರೆ. ಬೋರ್ ಮೇಲೆ ಬೋರ್ ಹಾಕಿಸಲು ಆಗದವರು ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ನೀಲಗಿರಿ ಹಾಕಿದವರೂ ಒಂದು ಕಾಲದಲ್ಲಿ ಆಳು, ನೀರು ಎರಡೂ ಬೇಡ ಅಂತಲೇ ಹಾಕಿದ್ದು. ಆಮೇಲೆ ಅದೇ ಮರ ನೀರು ಹೀರುತ್ತದೆ ಅಂತ 2017ರಲ್ಲಿ ಸರ್ಕಾರ ಹೊಸದಾಗಿ ನೆಡೋದನ್ನು ನಿಷೇಧಿಸಿತು. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಅಂಥ ರೇಟು ಕಂಡವರು ಮುಂದಿನ ಬೆಳೆಗೆ ನೀರು ಹುಡುಕದೆ ಇರುತ್ತಾರಾ?

ಇನ್ನೊಂದು ಸುತ್ತು ನನಗೆ ಬಹಳ ಇಷ್ಟ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಬೆಂಗಳೂರಿಗೆ ಬರುತ್ತದೆ. ಅಡುಗೆಮನೆ, ಬಚ್ಚಲು ದಾಟಿ ಚರಂಡಿಗೆ ಹೋಗುತ್ತದೆ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಅದನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುತ್ತಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಮೂರನೇ ಹಂತವೂ ಬೇಕು ಅಂತ ಜಿಲ್ಲೆಯವರು ಕೇಳುತ್ತಲೇ ಇದ್ದಾರೆ, ನನಗೂ ಅದು ನ್ಯಾಯ ಅನ್ನಿಸುತ್ತದೆ. ಆ ನೀರು ಇಂಗಿ ಬೋರ್‌ಗೆ ಬಂದು, ಟೊಮೆಟೊ ಆಗಿ, ಮತ್ತೆ ಬೆಂಗಳೂರಿನ ಅಡುಗೆಮನೆಗೆ. ಲೆಕ್ಕದ ಭಾಷೆಯಲ್ಲಿ ಹೇಳಿದರೆ ಇಲ್ಲಿ ಬದಲಾಗಿದ್ದು ಕೆಳಗಿನ ಅಂಕಿ, ಅಂದರೆ ಸಂಬಳ. ಖರ್ಚು ಹಾಗೇ ಇದ್ದರೂ ಶೇಕಡಾ ಇಳಿಯುತ್ತದೆ. ಪತ್ರಿಕೆಯಲ್ಲಿ ಯಾವುದೋ ತಾಲ್ಲೂಕಿನ ಶೇಕಡಾ ಕಡಿಮೆಯಾಯಿತು ಅಂತ ಓದಿದರೆ ಮೊದಲು ಕೇಳಬೇಕಾದ್ದು ಇದನ್ನೇ: ಮೇಲಿನ ಅಂಕಿ ಇಳಿದಿದೆಯಾ, ಕೆಳಗಿನದು ಏರಿದೆಯಾ?

ಅಭ್ಯಾಸಕ್ಕೆ ಒಂದು: ನಿಮ್ಮ ತಾಲ್ಲೂಕಿನ ಮಳೆ ತಗೊಳ್ಳಿ, ಹತ್ತರಿಂದ ಭಾಗಿಸಿ, ನಿಮ್ಮ ಮನೆಯವರು ಬೆಳೆಯುವ ಬೆಳೆಯ ನೀರಿಗೆ ಎಷ್ಟು ಎಕರೆಯ ಸಂಬಳ ಬೇಕು ನೋಡಿ. ರಾಗಿಗೆ ಮಾಡಿ ನೋಡಿದೆ. ಮಳೆಗೇ ಬೆಳೆದರೆ ಬೋರ್‌ನಿಂದ ಎತ್ತುವ ನೀರು ಸೊನ್ನೆ. ದೊಡ್ಡಪ್ಪ ರಾಗಿ ಬಿಟ್ಟು ಎಷ್ಟೋ ವರ್ಷ ಆಯಿತು. ಬಾಕ್ಸ್ ಲೆಕ್ಕದಲ್ಲಿ ಮಾರೋಕೆ ಅದು ಟೊಮೆಟೊ ಅಲ್ಲವಲ್ಲ.