ಕುಸಿಯುವ ಪಾದಕ್ಕೆ ಎಂಥ ಆಸರೆ?

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ಇದೆ. ಹಾಗಾಗಿ ನಮ್ಮ ಶಾಲೆಯ ಹುಡುಗರಲ್ಲಿ ಸೇನೆ ಸೇರುವ ಆಸೆ ಜಾಸ್ತಿ. ಪ್ರತಿ ವರ್ಷ ಒಬ್ಬಿಬ್ಬರು ಬಂದು, ನೆಲದ ಮೇಲೆ ಒದ್ದೆ ಕಾಲಿನ ಗುರುತು ಮೂಡಿಸಿ ತೋರಿಸುತ್ತಾರೆ. "ಟೀಚರ್, ನಂದು ಸಪಾಟ ಪಾದ ಐತ್ರಿ. ತೆಗದ ಹಾಕ್ತಾರೇನ್ರಿ?"

ಒಳಮಗ್ಗುಲಿನ ಕಮಾನು ಇಳಿದು ನೆಲಕ್ಕೆ ತಾಗುವ ಪಾದವೇ ಸಪಾಟ ಪಾದ. ತುದಿಗಾಲಲ್ಲಿ ನಿಲ್ಲು ಅನ್ನುತ್ತೇನೆ. ಹಿಮ್ಮಡಿ ಎತ್ತಿದ ಕೂಡಲೇ ಹೆಚ್ಚಿನ ಹುಡುಗರ ಪಾದದಲ್ಲಿ ಕಮಾನು ಎದ್ದು ಕಾಣುತ್ತದೆ. ಸೇನೆಯ ಅಧಿಕಾರಿ ಹುದ್ದೆಗಳ ವೈದ್ಯಕೀಯ ನಿಯಮಗಳಲ್ಲೂ ಇದೇ ಪರೀಕ್ಷೆ ಬಂದಿದೆ. ತುದಿಗಾಲಲ್ಲಿ ನಿಂತಾಗ ಕಮಾನು ಮರಳಬೇಕು, ತುದಿಗಾಲಲ್ಲಿ ಚೆನ್ನಾಗಿ ಓಡಲು ಬರಬೇಕು, ಪಾದ ಮೆತುವಾಗಿರಬೇಕು, ಸಲೀಸಾಗಿ ಆಡಬೇಕು, ನೋವು ಇರಬಾರದು. ಇಷ್ಟಿದ್ದರೆ ಸಪಾಟ ಪಾದ ಒಂದು ಅಡ್ಡಿಯಲ್ಲ.

ನನ್ನ ಪಾದವೂ ಮೆತು, ಚೆನ್ನಾಗಿ ಆಡುತ್ತದೆ. ಆದರೆ ನೋವಿದೆ. ದಿನಕ್ಕೆ ಆರು ಪಿರಿಯಡ್ ನಿಂತು ಪಾಠ ಮಾಡಿದರೆ ಸಂಜೆಗೆ ಕಾಲಿನ ಒಳಮಗ್ಗುಲು ಉರಿಯುತ್ತದೆ. ಬೂಟಿನೊಳಗೆ ಪಾದದ ಕೆಳಗೆ ಇಡುವ ಆಸರೆಯ ಪಟ್ಟಿ, ಅಂದರೆ ಇನ್‌ಸೋಲ್, ಹೇಗಿರಬೇಕು ಅನ್ನುವ ಈ ಲೇಖನ ನನ್ನಂಥವರಿಗಾಗಿ.

ಕಮಾನು ಅಂದ ಕೂಡಲೇ ನಮಗೆ ವಿಜಯಪುರದ ಗೋಳಗುಮ್ಮಟ ನೆನಪಾಗುತ್ತದೆ. ಅಲ್ಲಿನ ಕಲ್ಲಿನ ಕಮಾನುಗಳು ಅಲುಗಾಡದೆ ನಿಂತಿರುವುದರಿಂದಲೇ ಗುಮ್ಮಟ ನಿಂತಿದೆ. ಪಾದದ ಕಮಾನು ಹಾಗಲ್ಲ. ಅದು 26 ಮೂಳೆಗಳನ್ನು ಸೇರಿಸಿ ಕಟ್ಟಿದ ಬಿಲ್ಲು. ಹಿಮ್ಮಡಿಯಿಂದ ಬೆರಳುಗಳವರೆಗೆ ಅಂಗಾಲಲ್ಲಿ ಹಾಯುವ ಗಟ್ಟಿ ಪಟ್ಟಿಯೇ ಅದರ ಹೆದೆ. ಹೆಜ್ಜೆ ಊರಿದಾಗ ಬಿಲ್ಲು ತಗ್ಗಬೇಕು, ಹೆಜ್ಜೆ ಎತ್ತುವಾಗ ಮತ್ತೆ ಏರಬೇಕು. ಹೆಬ್ಬೆರಳು ಮೇಲಕ್ಕೆ ಮಡಚಿದಾಗ ಹೆದೆ ಬಿಗಿದು ಕಮಾನು ಏಳುವುದನ್ನು ಹಿಕ್ಸ್ ಎಂಬ ವಿಜ್ಞಾನಿ 1954ರಲ್ಲಿ ವಿವರಿಸಿದರು. ನೀವೂ ನೋಡಬಹುದು. ನಿಂತುಕೊಂಡು ಯಾರಿಂದಲಾದರೂ ನಿಮ್ಮ ಹೆಬ್ಬೆರಳನ್ನು ಮೇಲಕ್ಕೆ ಎತ್ತಿಸಿ.

ಮೆತು ಪಾದದಲ್ಲಿ ಬಿಲ್ಲು ತಗ್ಗುವುದು ಜಾಸ್ತಿ, ತಗ್ಗಿಯೇ ಇರುವ ಹೊತ್ತೂ ಜಾಸ್ತಿ. ಆಗ ಕಮಾನನ್ನು ಎತ್ತಿ ಹಿಡಿಯುವ ಕೆಲಸ ಹೆಚ್ಚಾಗಿ ಟಿಬಿಯಾಲಿಸ್ ಪೋಸ್ಟೀರಿಯರ್ ಎಂಬ ಸ್ನಾಯುವಿನ ಮೇಲೆ ಬೀಳುತ್ತದೆ. ಅದನ್ನು ಮೂಳೆಗೆ ಕಟ್ಟುವ ಹುರಿ ಕಣಕಾಲಿನ ಒಳಗಂಟಿನ ಹಿಂದಿನಿಂದ ಪಾದಕ್ಕೆ ಇಳಿಯುತ್ತದೆ. ಸಂಜೆ ನೋಯುವುದು ಹೆಚ್ಚಾಗಿ ಅಲ್ಲೇ. ಆಸರೆಯ ಇನ್‌ಸೋಲ್ ಈ ಹುರಿಯ ಭಾರವನ್ನು ಒಂದಿಷ್ಟು ಹೊರಬೇಕು, ಅಷ್ಟೇ ಅದರ ಕೆಲಸ. ಅದು ದೊಡ್ಡವರ ಪಾದಕ್ಕೆ ಹೊಸ ಕಮಾನು ಕಟ್ಟಿಕೊಡುವುದಿಲ್ಲ. ಕಮಾನು ಎತ್ತರ ಇದ್ದಷ್ಟೂ ಒಳ್ಳೆಯದು ಅಂತ ಹೇಳಿ ಮಾರುವವರನ್ನು ನಂಬಬೇಡಿ.

ನಾನು ನಂಬಿದ್ದೆ. ಮೊದಲು ಮಾಡಿಸಿದ್ದು ಗಟ್ಟಿ ಪ್ಲಾಸ್ಟಿಕ್ಕಿನ, ಎತ್ತರದ ಇನ್‌ಸೋಲ್. ಎರಡು ವಾರ ಅಂಗಾಲ ನಡುವೆ ಕಲ್ಲು ಇಟ್ಟುಕೊಂಡು ನಡೆದಂತಿತ್ತು. ಅಭ್ಯಾಸ ಆಗುತ್ತೆ ಅಂದರು. ಆಗಲಿಲ್ಲ. ನನ್ನ ಮೀನಖಂಡ ಬಿಗಿಯಾಗಿದೆ ಅನ್ನುವುದನ್ನು ಯಾರೂ ನೋಡಿರಲಿಲ್ಲ. ಮೀನಖಂಡ ಬಿಗಿ ಇದ್ದಾಗ ಕಣಕಾಲು ಸಾಕಷ್ಟು ಬಾಗುವುದಿಲ್ಲ. ಆ ಕೊರತೆ ತುಂಬಲು ಪಾದದ ನಡುಭಾಗ ಕುಸಿಯುತ್ತದೆ. ಕೆಳಗೆ ಗಟ್ಟಿ ಆಸರೆ ಇಟ್ಟರೆ ಪಾದ ಅದರ ಮೇಲೆ ಒತ್ತಿಕೊಂಡು ಇನ್ನಷ್ಟು ನೋಯುತ್ತದೆ. ಇಂಥವರು ಮೊದಲು ಗೋಡೆ ಹಿಡಿದು ಮೀನಖಂಡ ಹಿಗ್ಗಿಸುವ ವ್ಯಾಯಾಮ ಮಾಡಬೇಕು.

ಅಳತೆ ತೆಗೆಯುವ ರೀತಿಯನ್ನೂ ಗಮನಿಸಿ. ಕೆಲವರು ಮೆತ್ತನೆಯ ಫೋಮ್ ತುಂಬಿದ ಡಬ್ಬಿಯಲ್ಲಿ ಪಾದದ ಅಚ್ಚು ತೆಗೆಯುತ್ತಾರೆ. ನೀವು ಪೂರ್ತಿ ಭಾರ ಹಾಕಿ ಸುಮ್ನೆ ನಿಂತರೆ ಮೆತು ಪಾದ ಕುಸಿಯುತ್ತದೆ. ಅಚ್ಚಿಗೆ ಬರುವುದು ಆ ಕುಸಿದ ಆಕಾರವೇ. ಅದಕ್ಕೇ ನುರಿತವರು ನಿಮ್ಮನ್ನು ಕೂರಿಸಿ ಅಥವಾ ಮಲಗಿಸಿ, ಹಿಮ್ಮಡಿಯನ್ನು ನೇರಕ್ಕೆ ಹಿಡಿದು ಅಚ್ಚು ತೆಗೆಯುತ್ತಾರೆ. "ನನ್ನ ಪಾದವನ್ನು ಯಾವ ಸ್ಥಿತಿಯಲ್ಲಿ ಹಿಡಿಯುತ್ತೀರಿ?" ಅಂತ ಕೇಳಿ. ಉತ್ತರ ಕೇಳಿದರೆ ಅವರ ಕೈ ಎಷ್ಟು ಪಳಗಿದೆ ಅಂತ ಗೊತ್ತಾಗುತ್ತದೆ.

ವಸ್ತು ಯಾವುದಿರಬೇಕು? ತೀರಾ ಮೆತ್ತಗಿನ ಸ್ಪಂಜು ಭಾರಕ್ಕೆ ಚಪ್ಪಟೆಯಾಗಿಬಿಡುತ್ತದೆ. ತೀರಾ ಗಟ್ಟಿ ಆದರೆ ಒತ್ತುತ್ತದೆ. ಮೆತು ಪಾದಕ್ಕೆ ಸ್ವಲ್ಪ ಬಾಗುವ ಪಾಲಿಪ್ರೊಪಿಲಿನ್ ಪ್ಲಾಸ್ಟಿಕ್ ಅಥವಾ ದಟ್ಟ ಇವಿಎ (ರಬ್ಬರಿನಂಥ ಫೋಮ್), ಮೇಲೊಂದು ಮೆತ್ತನೆ ಹೊದಿಕೆ ಇರುವುದು ಒಳ್ಳೆಯ ಆಯ್ಕೆ. ಹಿಮ್ಮಡಿ ಕೂರುವ ಬಟ್ಟಲು ಆಳವಾಗಿರಲಿ. ನನ್ನ ಅನುಭವದಲ್ಲಿ ಕಮಾನಿನ ಎತ್ತರಕ್ಕಿಂತ ಈ ಬಟ್ಟಲಿನಿಂದಲೇ ಹೆಚ್ಚು ಉಪಯೋಗವಾಯಿತು.

ಇಷ್ಟಾಗಿಯೂ ಮೊದಲೇ ಅಳತೆ ಕೊಟ್ಟು ಮಾಡಿಸಬೇಕಿಲ್ಲ. 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನ ಅಂಗಾಲ ಪಟ್ಟಿಯ ನೋವಿದ್ದ 135 ಜನರನ್ನು ಗಮನಿಸಿತು. ರೆಡಿಮೇಡ್ ಮತ್ತು ಮಾಡಿಸಿದ ಇನ್‌ಸೋಲ್‌ಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಒಂದು ವರ್ಷದ ಹೊತ್ತಿಗೆ, ಬರೀ ತೋರಿಕೆಗೆ ಕೊಟ್ಟ ತೆಳು ಇನ್‌ಸೋಲ್ ಹಾಕಿದವರೂ ಇವರಷ್ಟೇ ಸುಧಾರಿಸಿದ್ದರು. ಹಾಗಾಗಿ ಮೊದಲು ರೆಡಿಮೇಡ್ ಹಾಕಿ ನೋಡಿ. ಅದು ಕೂರದಿದ್ದರೆ, ಎರಡು ಪಾದಗಳ ಆಕಾರ ಬೇರೆ ಬೇರೆ ಇದ್ದರೆ, ಆಗ ಮಾಡಿಸುವ ಮಾತು.

ಮಕ್ಕಳ ವಿಷಯವೇ ಬೇರೆ. ಎಳೆ ಮಕ್ಕಳ ಪಾದ ಸಪಾಟಾಗಿರುವುದು ಸಹಜ. ಹತ್ತು ವರ್ಷದೊಳಗೆ ಹೆಚ್ಚಿನವರಿಗೆ ಕಮಾನು ಮೂಡುತ್ತದೆ. ನಮ್ಮ ಕರ್ನಾಟಕದಲ್ಲೇ ರಾವ್ ಮತ್ತು ಜೋಸೆಫ್ ಎಂಬ ವೈದ್ಯರು 2,300 ಮಕ್ಕಳ ಪಾದದ ಗುರುತು ತೆಗೆದು 1992ರಲ್ಲಿ ವರದಿ ಮಾಡಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6ರಷ್ಟು, ಬರಿಗಾಲ ಮಕ್ಕಳಲ್ಲಿ ಶೇ. 2.8ರಷ್ಟು ಸಪಾಟ ಪಾದ ಕಂಡಿತ್ತು. ನೋವಿಲ್ಲದ ಮಗುವಿಗೆ ದುಬಾರಿ ಇನ್‌ಸೋಲ್ ಹಾಕಿಸಬೇಡಿ. ಆಡಲು ಬಿಡಿ.

ನಮ್ಮ ಕಡೆಯ ನಿಜವಾದ ತೊಡಕು ಬೇರೆ ಇದೆ. ಇನ್‌ಸೋಲ್ ಇಡಲು ಬೂಟು ಬೇಕು. ಹಿಮ್ಮಡಿ ಸುತ್ತ ಗಟ್ಟಿಯಾಗಿರುವ, ಒಳಗಿನ ಮೂಲ ಪಟ್ಟಿ ತೆಗೆಯಲು ಬರುವ ಬೂಟು. ನಾವು ಹಾಕುವುದೋ ಚಪ್ಪಲಿ! ಅಥಣಿ, ನಿಪ್ಪಾಣಿ ಕಡೆಯ ಕುಶಲ ಕೈಗಳು ಮಾಡುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಗುರುತಿನ ವ್ಯಾಪ್ತಿಯಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ನನಗೆ ಆ ಚಪ್ಪಲಿ ಬಲು ಇಷ್ಟ. ಆದರೆ ಅದರ ಸಪಾಟ ಅಟ್ಟೆಯ ಮೇಲೆ ಇನ್‌ಸೋಲ್ ನಿಲ್ಲುವುದಿಲ್ಲ. ಮನೆಗೆ ಬಂದರೆ ಅದನ್ನೂ ಬಾಗಿಲಲ್ಲಿ ಬಿಟ್ಟು, ಅಡುಗೆಮನೆಯ ಕಲ್ಲಿನ ಮೇಲೆ ಗಂಟೆಗಟ್ಟಲೆ ಬರಿಗಾಲಲ್ಲಿ ನಿಲ್ಲುತ್ತೇವೆ, ಅಲ್ವಾ? ಹೀಗಾದರೆ ಸಾವಿರಾರು ರೂಪಾಯಿಯ ಆಸರೆ ದಿನದ ಬಹುಪಾಲು ಬೂಟಿನಲ್ಲೇ ಉಳಿಯುತ್ತದೆ. ನೋವಿರುವವರು ದಿನದಲ್ಲಿ ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತೇವೆ ಅಂತ ಮೊದಲು ಲೆಕ್ಕ ಹಾಕಬೇಕು. ನಾನು ಶಾಲೆಗೆ ಬೂಟು ಹಾಕತೊಡಗಿದೆ. ಮನೆಯೊಳಕ್ಕೆ ಅಂತಲೇ ಕಮಾನಿನ ಆಸರೆ ಇರುವ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ತಂದೆ. ಅತ್ತೆಯವರಿಗೆ ಮೊದಮೊದಲು ಇಷ್ಟವಾಗಲಿಲ್ಲ. ನನ್ನ ಕಾಲಿನ ಬಾವು ನೋಡಿ ಸುಮ್ಮನಾದರು.

ಕೆಲವರು ಮಾತ್ರ ಅಂಗಡಿಗೆ ಹೋಗುವ ಮೊದಲೇ ವೈದ್ಯರನ್ನು ಕಾಣಬೇಕು. ಒಂದೇ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಲು ಆಗದವರು, ಒಂದೇ ಪಾದ ಇತ್ತೀಚೆಗೆ ಕುಸಿಯುತ್ತಿರುವವರು, ತುದಿಗಾಲಲ್ಲಿ ನಿಂತರೂ ಕಮಾನು ಏಳದವರು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ್ದರೆ ಇನ್ನೂ ಎಚ್ಚರ ಬೇಕು. ಇನ್‌ಸೋಲ್ ಒತ್ತಿ ಹುಣ್ಣಾದರೂ ಅವರಿಗೆ ಗೊತ್ತಾಗುವುದಿಲ್ಲ.

ಹೊಸ ಇನ್‌ಸೋಲ್ ಮೊದಲ ದಿನ ಒಂದು ಗಂಟೆ ಸಾಕು. ದಿನಕ್ಕೊಂದು ಗಂಟೆ ಏರಿಸುತ್ತ ಹೋಗಿ. ಮೂರ್ನಾಲ್ಕು ವಾರ ಕಳೆದರೂ ಒತ್ತುತ್ತಿದ್ದರೆ ಮಾಡಿಕೊಟ್ಟವರ ಹತ್ತಿರ ವಾಪಸ್ ಒಯ್ಯಿರಿ. ಬಿಗಿಯಾದ ರವಿಕೆಯನ್ನು ಟೇಲರ್ ಹತ್ತಿರ ಬಿಚ್ಚಿಸಿ ಸಡಿಲ ಮಾಡಿಸುವುದಿಲ್ಲವೇ, ಹಾಗೆ. ನನ್ನ ಎರಡನೇ ಜೋಡಿಯನ್ನು ಎರಡು ಸಲ ಉಜ್ಜಿ ತಗ್ಗಿಸಿದ ಮೇಲೆ ಆರನೇ ಪಿರಿಯಡ್‌ನಲ್ಲೂ ಕುರ್ಚಿ ಹುಡುಕದೆ ಪಾಠ ಮಾಡಿದೆ.